ಯಾಕೆ ಬೇಕು ನಿಮಗೆ ನನ್ನ ನಂಬರ್? ಮೊಬೈಲ್, ಆಧಾರ್, ಖಾಸಗಿತನ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಅಂಗಡಿಯ ಬಿಲ್ಲಿನಿಂದ ಹಿಡಿದು ಪಡಿತರದ ಅಕ್ಕಿಯವರೆಗೆ ಈಗ ಎಲ್ಲದಕ್ಕೂ ಒಂದು ನಂಬರ್, ಒಂದು ಒಟಿಪಿ ಅಥವಾ ಒಂದು ಹೆಬ್ಬೆಟ್ಟು ಬೇಕು. ಮನೆಯವರು, ನೆರೆಯವರು, ಝೆರಾಕ್ಸ್ ಅಂಗಡಿಯ ಸಾಲಿನಲ್ಲಿ ಪಕ್ಕದಲ್ಲಿ ನಿಂತವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕಾನೂನು ಇರುವ ಕಡೆ ಕಾನೂನನ್ನೇ ಹೇಳಿದ್ದೇನೆ. ನನ್ನ ಅಭಿಪ್ರಾಯ ಎಲ್ಲಿದೆಯೋ ಅಲ್ಲಿ ಅದು ನನ್ನದೆಂದು ಗೊತ್ತಾಗುವಂತೆ ಬರೆದಿದ್ದೇನೆ.

ನನ್ನ ಹತ್ತಿರ ಮುಚ್ಚಿಡುವಂಥದ್ದು ಏನೂ ಇಲ್ಲ. ನಾನೇಕೆ ತಲೆಕೆಡಿಸಿಕೊಳ್ಳಬೇಕು?

ಹೀಗೆ ಹೇಳುವವರು ಸಾಮಾನ್ಯವಾಗಿ ನೇರ ನಡೆಯ ಜನ. ತಪ್ಪು ಮಾಡಿದವರಿಗಷ್ಟೇ ಗುಟ್ಟು ಬೇಕು ಎಂದು ನಂಬಿದವರು. ಆದರೆ ಔಷಧಿ ಅಂಗಡಿಯಲ್ಲಿ ನಿಮ್ಮ ಮೊಬೈಲ್ ಸಂಖ್ಯೆಗೆ ಅಂಟಿಕೊಳ್ಳುವುದು ಹೆಸರೊಂದೇ ಅಲ್ಲ. ಮಗಳು ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ, ಅಪ್ಪನಿಗೆ ಕ್ಷಯದ ಚಿಕಿತ್ಸೆ ನಡೆದಿದೆ, ಸೊಸೆ ಮಕ್ಕಳಾಗುವ ಚಿಕಿತ್ಸೆಗೆ ಚುಚ್ಚುಮದ್ದು ಪಡೆಯುತ್ತಿದ್ದಾಳೆ ಎಂಬುದೆಲ್ಲ ಆ ಒಂದು ಸಂಖ್ಯೆಯ ಕೆಳಗೆ ಸಾಲಾಗಿ ಕೂರುತ್ತದೆ. ಇವುಗಳಲ್ಲಿ ಯಾವುದೂ ಅಪರಾಧವಲ್ಲ. ಆದರೂ ಸಂಬಂಧ ಬೆಳೆಸಲು ಬಂದವರಿಗೆ, ಬಾಡಿಗೆ ಮನೆಯ ಮಾಲೀಕರಿಗೆ, ವಿಮೆ ಮಾಡಿಸುವವರಿಗೆ ಇದೆಲ್ಲ ಗೊತ್ತಿರಲಿ ಎಂದು ಯಾವ ಮನೆಯೂ ಬಯಸುವುದಿಲ್ಲ.

ಮುಚ್ಚಿಡಲು ನಿಮಗೆ ಕಾರಣ ಇದೆಯೇ ಎಂದು ಕೇಳುವುದೇ ತಪ್ಪು ದಾರಿ. ಕಾರಣ ಹೇಳಬೇಕಾದವರು ಕೇಳುವವರು. ಯಾಕೆ ಬೇಕು, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ, ಯಾರಿಗೆಲ್ಲ ಕೊಡುತ್ತೀರಿ, ನಾನು ಕೊಡದಿದ್ದರೆ ಏನಾಗುತ್ತದೆ? ಅಂಗಡಿಯೇ ಆಗಲಿ, ಕಂಪನಿಯೇ ಆಗಲಿ, ಸರ್ಕಾರವೇ ಆಗಲಿ, ಈ ನಾಲ್ಕಕ್ಕೆ ನೇರ ಉತ್ತರ ಕೊಡಬೇಕು. ಮುಂದಿನ ಪ್ರತಿಯೊಂದು ಉತ್ತರದಲ್ಲೂ ನಾನು ನೋಡುವುದು ಇದನ್ನೇ.

ಬಿಲ್ ಕೊಡಲು ಮೊಬೈಲ್ ನಂಬರ್ ಬೇಕೇ ಬೇಕು ಎನ್ನುತ್ತಾರೆ. ಕೊಡಲೇಬೇಕೇ?

ಬೇಕಿಲ್ಲ. ನಂಬರ್ ಕೊಡದಿದ್ದರೆ ಬಿಲ್ ಹಾಕುವುದಿಲ್ಲ ಎಂದು ಒತ್ತಾಯಿಸುವುದು ಸರಿಯಲ್ಲ, ಅದು ಅನುಚಿತ ವ್ಯಾಪಾರ ಪದ್ಧತಿ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಚಿಲ್ಲರೆ ವ್ಯಾಪಾರಿಗಳಿಗೆ ತಿಳಿಸಿದೆ. ನಂಬರ್ ಬೇಕಿರುವುದು ಬಿಲ್ಲಿಗಲ್ಲ, ಆಮೇಲೆ ಕಳುಹಿಸುವ ಜಾಹೀರಾತಿಗೆ. ಪಾಯಿಂಟ್ಸ್, ರಿಯಾಯಿತಿ ಬೇಕೆಂದರೆ ಕೊಡಿ, ಅದು ನಿಮ್ಮಿಷ್ಟ. ಬೇಡವಾದರೆ ‘ನಂಬರ್ ಇಲ್ಲದೆ ಹಾಕಿ’ ಎಂದರೆ ಸಾಕು. ಕೌಂಟರಿನಲ್ಲಿ ಕುಳಿತ ಹುಡುಗಿಯ ಮೇಲೆ ರೇಗಬೇಡಿ. ದಿನಕ್ಕೆ ಇಷ್ಟು ನಂಬರ್ ತುಂಬಿಸಬೇಕು ಎಂದು ಅವಳಿಗೆ ಮೇಲಿನಿಂದ ಒತ್ತಡ ಇರುತ್ತದೆ. ಮ್ಯಾನೇಜರನ್ನು ಕರೆಸಿ ಮಾತನಾಡಿ. ಅವರೂ ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಖಾಸಗಿತನ ನಿಜವಾಗಿಯೂ ನಮ್ಮ ಹಕ್ಕೇ? ಸಂವಿಧಾನದಲ್ಲಿ ಎಲ್ಲಿದೆ?

ಆ ಹೆಸರಿನ ವಿಧಿ ಸಂವಿಧಾನದಲ್ಲಿ ಇಲ್ಲ. ಅದು ಹಕ್ಕು ಎಂದು ದೇಶದ ಅತ್ಯುನ್ನತ ನ್ಯಾಯಾಲಯದಿಂದ ಹೇಳಿಸಿದ ಮೊಕದ್ದಮೆಗೆ ಕನ್ನಡಿಗರೊಬ್ಬರ ಹೆಸರಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆಗ ಅವರಿಗೆ ವಯಸ್ಸು 86. ಆಧಾರ್‌ಗೆ ಕಾಯ್ದೆಯ ಆಸರೆಯೇ ಇಲ್ಲದ ಕಾಲ ಅದು. ಸಂಸತ್ತು ಒಪ್ಪಿದ ಕಾನೂನಿಲ್ಲದೆ ಸರ್ಕಾರಿ ಆದೇಶದ ಬಲದ ಮೇಲೆ ಕೋಟ್ಯಂತರ ಜನರ ಬೆರಳಚ್ಚು, ಕಣ್ಣಿನ ಗುರುತು ಪಡೆಯುವುದು ಹೇಗೆ ಸರಿ ಎಂಬುದು ಅವರ ಪ್ರಶ್ನೆ.

ವಿಚಾರಣೆ ನಡೆಯುತ್ತ ಕೇಂದ್ರ ಸರ್ಕಾರ, ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ವಾದಿಸಿತು. ಅದಕ್ಕೆ 1954 ಮತ್ತು 1962ರ ಹಳೆಯ ತೀರ್ಪುಗಳನ್ನು ಮುಂದಿಟ್ಟಿತು. ಹಾಗಾಗಿ ಪ್ರಶ್ನೆ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು. 2017ರ ಆಗಸ್ಟ್ 24ರಂದು ಒಂಬತ್ತೂ ಮಂದಿ ಒಮ್ಮತದಿಂದ, ಬದುಕುವ ಹಕ್ಕನ್ನು ಹೇಳುವ 21ನೆಯ ವಿಧಿಯಲ್ಲೇ ಖಾಸಗಿತನವೂ ಅಡಗಿದೆ ಎಂದರು. ಸರ್ಕಾರ ಅದರೊಳಗೆ ಕೈಹಾಕಬೇಕಾದರೆ ಕಾನೂನು ಇರಬೇಕು, ನ್ಯಾಯಸಮ್ಮತ ಉದ್ದೇಶ ಇರಬೇಕು, ಆ ಉದ್ದೇಶಕ್ಕೆ ಬೇಕಾದಷ್ಟನ್ನು ಮಾತ್ರ ತೆಗೆದುಕೊಳ್ಳಬೇಕು ಎಂಬ ಅಳತೆಗೋಲು ಆ ತೀರ್ಪಿನಿಂದ ಬಂತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಎಂಬತ್ತಾರರ ವಯಸ್ಸಿನಲ್ಲಿ, ತಮಗೆ ಯಾವ ಲಾಭವೂ ಇಲ್ಲದ ವಿಷಯಕ್ಕೆ ದೆಹಲಿಯ ಕೋರ್ಟಿನ ಮೆಟ್ಟಿಲು ಹತ್ತಿದ ಅವರ ಹೆಸರು ನಮ್ಮ ಶಾಲೆಯ ಪಾಠಗಳಲ್ಲಿ ಇರಬೇಕು ಎಂದು ನನಗೆ ಅನ್ನಿಸುತ್ತದೆ.

ಹಾಗಾದರೆ ಆಧಾರ್ ಎಲ್ಲಿ ಕಡ್ಡಾಯ, ಎಲ್ಲಿ ಅಲ್ಲ?

2018ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟಿನ ಐವರ ಪೀಠ, ಅಷ್ಟರಲ್ಲಿ ಬಂದಿದ್ದ ಆಧಾರ್ ಕಾಯ್ದೆಯನ್ನು ನಾಲ್ಕು–ಒಂದರ ಬಹುಮತದಿಂದ ಎತ್ತಿಹಿಡಿಯಿತು, ಆದರೆ ಮಿತಿಗಳನ್ನೂ ಹಾಕಿತು. ಸರ್ಕಾರದ ಸಹಾಯಧನ, ಪಡಿತರ, ಪಿಂಚಣಿಯಂಥ ಸೌಲಭ್ಯಗಳಿಗೆ ಕೇಳಬಹುದು. ಪ್ಯಾನ್ ಕಾರ್ಡಿಗೆ ಜೋಡಿಸಬೇಕು. ಬ್ಯಾಂಕ್ ಖಾತೆಗೆ, ಸಿಮ್ ಕಾರ್ಡಿಗೆ ಕಡ್ಡಾಯವಲ್ಲ. ಶಾಲೆಗೆ ಸೇರಿಸಲು ಕಡ್ಡಾಯವಲ್ಲ, ಆಧಾರ್ ಇಲ್ಲವೆಂದು ಮಗುವಿಗೆ ಸಿಗಬೇಕಾದ ಸೌಲಭ್ಯ ತಪ್ಪಿಸುವಂತಿಲ್ಲ. ಖಾಸಗಿ ಕಂಪನಿಗಳು ಒಪ್ಪಂದದ ಹೆಸರಿನಲ್ಲಿ ಆಧಾರ್ ದೃಢೀಕರಣ ಕೇಳಲು ದಾರಿ ಮಾಡಿದ್ದ 57ನೆಯ ಕಲಂ ಬಿದ್ದುಹೋಯಿತು. ಪೀಠದಲ್ಲಿ ಭಿನ್ನಮತ ಬರೆದವರು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್.

ಆಮೇಲೆ ನಡೆದದ್ದೇ ನನಗೆ ಹೆಚ್ಚು ಬೇಸರ ತರುತ್ತದೆ. 2019ರ ತಿದ್ದುಪಡಿ ಬ್ಯಾಂಕು ಮತ್ತು ದೂರಸಂಪರ್ಕ ಕಂಪನಿಗಳಿಗೆ ‘ಸ್ವಇಚ್ಛೆಯಿಂದ ಕೊಟ್ಟರೆ ಪಡೆಯಬಹುದು’ ಎಂಬ ಬಾಗಿಲು ತೆರೆಯಿತು. 2025ರ ಜನವರಿಯಲ್ಲಿ ನಿಯಮ ಬದಲಾಗಿ, ಸರ್ಕಾರದ ಅನುಮತಿ ಪಡೆದ ಇತರ ಖಾಸಗಿ ಸಂಸ್ಥೆಗಳಿಗೂ ದಾರಿ ಸಿಕ್ಕಿತು. ಕೋರ್ಟು ಮುಚ್ಚಿದ್ದನ್ನು ತಿದ್ದುಪಡಿಯ ಮೂಲಕ ಒಂದೊಂದಾಗಿ ಬಿಚ್ಚುತ್ತ ಬರಲಾಗಿದೆ. ಕೌಂಟರಿನಲ್ಲಿ ಸ್ವಇಚ್ಛೆ ಎಂಬ ಮಾತಿಗೆ ಬೆಲೆಯೇ ಇಲ್ಲ. ಚುನಾವಣಾ ಗುರುತಿನ ಚೀಟಿ ಕೊಟ್ಟರೆ ‘ಸಿಸ್ಟಂ ತೆಗೆದುಕೊಳ್ಳುವುದಿಲ್ಲ’ ಎನ್ನುತ್ತಾರೆ. ಆಗ ‘ಯಾವ ನಿಯಮದಲ್ಲಿ ಹಾಗಿದೆ, ಬರೆದುಕೊಡಿ’ ಎಂದು ಕೇಳಿ. ಬರೆದುಕೊಡಬೇಕು ಎಂದ ಕೂಡಲೇ ಅನೇಕ ಕಡೆ ಸಿಸ್ಟಂ ತೆಗೆದುಕೊಳ್ಳಲು ಶುರುಮಾಡುತ್ತದೆ.

ಆಧಾರ್ ಝೆರಾಕ್ಸ್ ಕೊಡುವುದರಲ್ಲಿ ಅಪಾಯ ಇದೆಯೇ?

2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯೇ, ಸಿಕ್ಕಸಿಕ್ಕವರಿಗೆ ಆಧಾರ್ ಪ್ರತಿ ಕೊಡಬೇಡಿ, ದುರ್ಬಳಕೆ ಆಗಬಹುದು ಎಂದು ಪ್ರಕಟಣೆ ಹೊರಡಿಸಿತು. ಜನ ಗಾಬರಿಯಾದರು. ಎರಡು ದಿನಕ್ಕೆ ಕೇಂದ್ರ ಸಚಿವಾಲಯ ಅದನ್ನು ಹಿಂತೆಗೆದುಕೊಂಡು, ಅದನ್ನು ತಪ್ಪಾಗಿ ಅರ್ಥೈಸುವ ಸಾಧ್ಯತೆ ಇದೆ, ‘ಸಾಮಾನ್ಯ ವಿವೇಚನೆ’ ಬಳಸಿದರೆ ಸಾಕು ಎಂದಿತು. ಮೊದಲ ಪ್ರಕಟಣೆಯಲ್ಲಿದ್ದ ಸಲಹೆ ಒಳ್ಳೆಯದೇ ಆಗಿತ್ತು.

ಮಾಡಬೇಕಾದದ್ದು ಸುಲಭ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ, ಉಳಿದ ಎಂಟನ್ನು ಮರೆಮಾಡಿದ ಆಧಾರ್ ಪ್ರತಿಯನ್ನು ಪ್ರಾಧಿಕಾರದ ಜಾಲತಾಣದಿಂದಲೇ ಇಳಿಸಿಕೊಳ್ಳಬಹುದು. ಲಾಡ್ಜ್‌ಗೆ, ಬಾಡಿಗೆ ಕರಾರಿಗೆ, ಕೊರಿಯರ್‌ಗೆ ಅದನ್ನೇ ಕೊಡಿ. ಪೂರ್ತಿ ಪ್ರತಿ ಕೊಡಲೇಬೇಕಾದ ಕಡೆ ಅದರ ಮೇಲೆ ಅಡ್ಡಲಾಗಿ ‘ಇಂಥ ಕೆಲಸಕ್ಕೆ ಮಾತ್ರ’ ಎಂದು ಬರೆದು ತಾರೀಕು ಹಾಕಿ ಸಹಿ ಮಾಡಿ. ಸೈಬರ್ ಸೆಂಟರಿನಲ್ಲಿ ಪ್ರಿಂಟ್ ತೆಗೆಸಿದ ಮೇಲೆ ಅವರ ವಾಟ್ಸ್‌ಆ್ಯಪ್‌ಗೆ ಕಳುಹಿಸಿದ ಕಡತವನ್ನು ಅಲ್ಲೇ ನಿಂತು ಅಳಿಸಿಸಿ. ಆ ಕಂಪ್ಯೂಟರುಗಳಲ್ಲಿ ಊರಿನ ಅರ್ಧ ಜನರ ದಾಖಲೆಗಳು ಹಾಗೆಯೇ ಬಿದ್ದಿರುತ್ತವೆ.

ಒಟಿಪಿ ಯಾರಿಗೂ ಕೊಟ್ಟಿಲ್ಲ, ಆದರೂ ಖಾತೆಯಿಂದ ಹಣ ಹೋಯಿತು ಎನ್ನುತ್ತಾರೆ. ಅದು ಹೇಗೆ?

ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆಯಲು ಒಟಿಪಿ ಬೇಕಿಲ್ಲ, ಪಿನ್ ಬೇಕಿಲ್ಲ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು, ಇಷ್ಟು ಸಾಕು. ಬ್ಯಾಂಕು ಇಲ್ಲದ ಹಳ್ಳಿಯಲ್ಲಿ, ಓದು ಬರಹ ಬಾರದ ಅಜ್ಜಿ ಪಿಂಚಣಿ ಹಣವನ್ನು ಮನೆಯ ಹತ್ತಿರವೇ ಪಡೆಯಲಿ ಎಂದು ಮಾಡಿದ ವ್ಯವಸ್ಥೆ ಇದು. ಅದರ ಉಪಯೋಗ ದೊಡ್ಡದು. ಆದರೆ ಬೆರಳಚ್ಚು ಕದ್ದವರಿಗೂ ಅಷ್ಟೇ ಸುಲಭ.

ನಾವು ಮನೆ, ಜಮೀನು ನೋಂದಣಿ ಮಾಡಿಸುವಾಗ ಕ್ರಯಪತ್ರದ ಮೇಲೆ ಬೆರಳಚ್ಚು ಕೊಡುತ್ತೇವೆ, ಆಧಾರ್ ಸಂಖ್ಯೆಯನ್ನೂ ಬರೆಸುತ್ತೇವೆ. 2023ರಲ್ಲಿ ಬೆಂಗಳೂರಿನಲ್ಲಿ ಹೀಗೆ ನೋಂದಣಿಯಾದ ಪತ್ರಗಳ ಬೆರಳಚ್ಚನ್ನೇ ನಕಲು ಮಾಡಿ ಖಾತೆಗಳಿಂದ ಹಣ ತೆಗೆದ ದೂರುಗಳು ಪೊಲೀಸರ ಬಳಿ ಬಂದವು. ಆನ್‌ಲೈನ್‌ನಲ್ಲಿ ಸಿಗುವ ಪ್ರತಿಗಳಲ್ಲಿ ಬೆರಳಚ್ಚನ್ನು ಮರೆಮಾಡುವ ಕೆಲಸ ಆಮೇಲೆ ಶುರುವಾಯಿತು. ಪಾಸ್‌ವರ್ಡ್ ಕದ್ದರೆ ಬದಲಿಸಿಕೊಳ್ಳಬಹುದು, ಹೆಬ್ಬೆಟ್ಟನ್ನು ಬದಲಿಸಿಕೊಳ್ಳುವುದು ಹೇಗೆ? ಈ ವ್ಯವಸ್ಥೆಯನ್ನು ಕಟ್ಟಿದ ಎಲ್ಲರೂ ಮೊದಲ ದಿನವೇ ಕೇಳಿಕೊಳ್ಳಬೇಕಿದ್ದ ಪ್ರಶ್ನೆ ಇದು.

ಈಗಲೇ ಮಾಡಬಹುದಾದ ಕೆಲಸ ಒಂದಿದೆ. ಪ್ರಾಧಿಕಾರದ ಜಾಲತಾಣದಲ್ಲಿ ಅಥವಾ ಅದರ ಮೊಬೈಲ್ ಆ್ಯಪ್‌ನಲ್ಲಿ ಬೆರಳಚ್ಚನ್ನು ಲಾಕ್ ಮಾಡಿಡಬಹುದು. ಬೇಕಾದಾಗ ಸ್ವಲ್ಪ ಹೊತ್ತಿಗೆ ತೆರೆದುಕೊಳ್ಳಬಹುದು. ಮನೆಯ ಹಿರಿಯರದ್ದನ್ನು ಮೊದಲು ಮಾಡಿ, ಆದರೆ ಅವರು ಹೆಬ್ಬೆಟ್ಟು ಕೊಟ್ಟು ಪಡಿತರ ತರುವವರಾದರೆ ತೆರೆಯುವುದು ಹೇಗೆಂದು ಅವರ ಜೊತೆ ಕುಳಿತು ತೋರಿಸಿಕೊಡಿ. ಹಣ ಹೋದರೆ ಅದೇ ಗಳಿಗೆಯಲ್ಲಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ಬರವಣಿಗೆಯಲ್ಲಿ ತಿಳಿಸಿ. ನಿಮ್ಮ ತಪ್ಪಿಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರಿಂದ ಆದ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟದ ಹೊಣೆ ಗ್ರಾಹಕರ ಮೇಲೆ ಬೀಳುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ.

ನಮ್ಮ ಅತ್ತೆಯ ಬೆರಳು ಯಂತ್ರದಲ್ಲಿ ಹೊಂದುವುದೇ ಇಲ್ಲ. ಅಕ್ಕಿ ಇಲ್ಲ ಎನ್ನುತ್ತಾರೆ. ಏನು ಮಾಡಬೇಕು?

ಜೀವನವೆಲ್ಲ ಕಳೆ ಕಿತ್ತು, ಪಾತ್ರೆ ತೊಳೆದು, ಬೀಡಿ ಕಟ್ಟಿ ಸವೆದ ಬೆರಳುಗಳು ಯಂತ್ರಕ್ಕೆ ಕಾಣದೆ ಹೋಗುತ್ತವೆ. ಯಾರು ಹೆಚ್ಚು ದುಡಿದಿದ್ದಾರೋ ಅವರೇ ತಾವು ಯಾರೆಂದು ಮತ್ತೆ ಮತ್ತೆ ಸಾಬೀತು ಮಾಡಬೇಕಾಗಿ ಬಂದಿದೆ. ಇದಕ್ಕಿಂತ ದೊಡ್ಡ ಅನ್ಯಾಯ ಈ ಇಡೀ ವಿಷಯದಲ್ಲಿ ನನಗೆ ಕಾಣುವುದಿಲ್ಲ.

ದೃಢೀಕರಣ ಆಗಲಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಹರಿಗೆ ಸೌಲಭ್ಯ ತಪ್ಪಬಾರದು, ಬೇರೆ ರೀತಿಯಲ್ಲಿ ಗುರುತು ಒಪ್ಪಿಕೊಳ್ಳಬೇಕು ಎಂಬುದು 2018ರ ತೀರ್ಪಿನಲ್ಲೇ ಇದೆ. ಇದನ್ನು ನ್ಯಾಯಬೆಲೆ ಅಂಗಡಿಯಲ್ಲಿ ಹೇಳಿ. ಬೇರೆ ಬೆರಳು, ಕಣ್ಣಿನ ಗುರುತು, ಮೊಬೈಲಿಗೆ ಬರುವ ಒಟಿಪಿ, ಮನೆಯ ಮತ್ತೊಬ್ಬ ಸದಸ್ಯರ ಹೆಬ್ಬೆಟ್ಟು, ಇವುಗಳಲ್ಲಿ ಯಾವುದಕ್ಕೆ ಅಲ್ಲಿ ಅವಕಾಶ ಇದೆ ಎಂದು ಕೇಳಿ. ಬರಿಗೈಯಲ್ಲಿ ಕಳುಹಿಸಿದರೆ 1967ಕ್ಕೆ ಕರೆ ಮಾಡಿ, ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಆಧಾರ್ ಕೇಂದ್ರದಲ್ಲಿ ಬೆರಳಚ್ಚನ್ನು ಹೊಸದಾಗಿ ಕೊಡಿಸುವುದೂ ಕೆಲವೊಮ್ಮೆ ಉಪಯೋಗಕ್ಕೆ ಬರುತ್ತದೆ.

ದತ್ತಾಂಶ ರಕ್ಷಣೆಗೆ ಹೊಸ ಕಾಯ್ದೆ ಬಂದಿದೆಯಂತೆ. ಅದರಿಂದ ನನಗೇನು ಸಿಗುತ್ತದೆ?

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಆಗಸ್ಟಿನಲ್ಲಿ ಅಂಗೀಕಾರವಾಯಿತು. ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ. ಕಂಪನಿಗಳಿಗೆ ಸಿದ್ಧವಾಗಲು ಹದಿನೆಂಟು ತಿಂಗಳು ಕೊಟ್ಟಿರುವುದರಿಂದ ಮುಖ್ಯ ಭಾಗಗಳು ಜಾರಿಗೆ ಬರುವುದು 2027ರ ಮೇ ತಿಂಗಳಲ್ಲಿ. ಆಗಿನಿಂದ ನಿಮ್ಮ ಮಾಹಿತಿ ಕೇಳುವವರು ಯಾವ ಮಾಹಿತಿ, ಯಾವ ಉದ್ದೇಶಕ್ಕೆ ಎಂದು ಸ್ಪಷ್ಟವಾಗಿ ತಿಳಿಸಿ ಒಪ್ಪಿಗೆ ಪಡೆಯಬೇಕು. ಕೊಟ್ಟ ಒಪ್ಪಿಗೆಯನ್ನು, ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳಲು ಬರಬೇಕು. ನನ್ನ ಬಗ್ಗೆ ಏನಿಟ್ಟುಕೊಂಡಿದ್ದೀರಿ ಎಂದು ಕೇಳಬಹುದು, ತಪ್ಪಿದ್ದರೆ ತಿದ್ದಿಸಬಹುದು, ಅಳಿಸಲು ಹೇಳಬಹುದು. ಮಾಹಿತಿ ಸೋರಿದರೆ ನಿಮಗೆ ತಡಮಾಡದೆ ತಿಳಿಸಬೇಕು. ಭದ್ರತೆಯಲ್ಲಿ ಉದಾಸೀನ ಮಾಡಿದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಬೀಳಬಹುದು.

ನಮಗೆ ಮುಖ್ಯವಾದ ಇನ್ನೊಂದು ಮಾತನ್ನು ಹೆಚ್ಚು ಜನ ಗಮನಿಸಿಲ್ಲ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ನಮಗಿರಬೇಕು. ಅಂದರೆ ಕನ್ನಡದಲ್ಲಿ ಕೊಡಿ ಎಂದು ಕೇಳುವುದು ನಮ್ಮ ಹಕ್ಕಾಗುತ್ತದೆ. ಕೇಳೋಣ, ಪಟ್ಟುಹಿಡಿದು ಕೇಳೋಣ. ಯಂತ್ರದಿಂದ ಅನುವಾದಿಸಿದ, ತಲೆಬುಡ ತಿಳಿಯದ ಕನ್ನಡವನ್ನು ಕೊಟ್ಟರೆ ಅದನ್ನೂ ಒಪ್ಪಬಾರದು.

ಕೊರತೆಗಳೂ ಇವೆ. ದಂಡದ ಹಣ ಸರ್ಕಾರದ ಬೊಕ್ಕಸಕ್ಕೆ ಹೋಗುತ್ತದೆ, ಮಾಹಿತಿ ಸೋರಿ ನಷ್ಟವಾದವರಿಗೆ ಈ ಕಾಯ್ದೆಯಲ್ಲಿ ಪರಿಹಾರ ಇಲ್ಲ. ಹಳೆಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಂ ಅಡಿ ಪರಿಹಾರ ಕೇಳುವ ಅವಕಾಶವಿತ್ತು, ಹೊಸ ಕಾಯ್ದೆ ಅದನ್ನೂ ತೆಗೆದುಹಾಕುತ್ತದೆ. ಸುಳ್ಳು ದೂರು ಕೊಟ್ಟರೆ ನಮ್ಮ ಮೇಲೆಯೇ 10,000 ರೂಪಾಯಿವರೆಗೆ ದಂಡ ಹಾಕಬಹುದು.

ಈ ಕಾಯ್ದೆ ಸರ್ಕಾರಕ್ಕೂ ಅನ್ವಯಿಸುತ್ತದೆಯೇ?

ಅನ್ವಯಿಸುತ್ತದೆ, ಆದರೆ ಬಹಳ ಸಡಿಲವಾಗಿ. ಸಹಾಯಧನ, ಪ್ರಮಾಣಪತ್ರ, ಪರವಾನಗಿಯಂಥ ಕೆಲಸಗಳಿಗೆ ಸರ್ಕಾರ ಹೊಸದಾಗಿ ಒಪ್ಪಿಗೆ ಕೇಳಬೇಕಿಲ್ಲ. ನಮ್ಮ ಮಾಹಿತಿಯನ್ನು ಅಳಿಸಿ ಎಂದರೆ ಕಂಪನಿ ಅಳಿಸಬೇಕು, ಸರ್ಕಾರ ಅಳಿಸಬೇಕಿಲ್ಲ. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯ ಕಾರಣ ಕೊಟ್ಟು ಕೇಂದ್ರ ಸರ್ಕಾರ ತನ್ನ ಯಾವುದೇ ಸಂಸ್ಥೆಯನ್ನು ಅಧಿಸೂಚನೆಯ ಮೂಲಕ ಕಾಯ್ದೆಯಿಂದಲೇ ಹೊರಗಿಡಬಹುದು. ದೂರು ಕೇಳುವ ಮಂಡಳಿಯ ಸದಸ್ಯರನ್ನು ನೇಮಿಸುವುದೂ ಕೇಂದ್ರ ಸರ್ಕಾರವೇ.

ಇದರ ಜೊತೆಗೆ ಮಾಹಿತಿ ಹಕ್ಕು ಕಾಯ್ದೆಗೆ ಬಿದ್ದ ಏಟನ್ನು ನೋಡಿ. ಆ ಕಾಯ್ದೆಯ 8(1)(ಜೆ) ಕಲಂ ಪ್ರಕಾರ ಮೊದಲು ವೈಯಕ್ತಿಕ ಮಾಹಿತಿಯನ್ನು ನಿರಾಕರಿಸಲು ಒಂದು ಷರತ್ತು ಇತ್ತು. ಸಾರ್ವಜನಿಕ ಕೆಲಸಕ್ಕೆ ಅದು ಸಂಬಂಧಿಸಿರಬಾರದು ಅಥವಾ ಅದನ್ನು ಕೊಟ್ಟರೆ ಅನಗತ್ಯವಾಗಿ ಒಬ್ಬರ ಖಾಸಗಿತನಕ್ಕೆ ಧಕ್ಕೆಯಾಗಬೇಕು. ವಿಧಾನಮಂಡಲಕ್ಕೆ ನಿರಾಕರಿಸಲಾಗದ್ದನ್ನು ಪ್ರಜೆಗೂ ನಿರಾಕರಿಸುವಂತಿಲ್ಲ ಎಂಬ ಮಾತೂ ಅಲ್ಲಿತ್ತು. ದತ್ತಾಂಶ ಕಾಯ್ದೆ ಆ ಷರತ್ತುಗಳನ್ನೆಲ್ಲ ಕಿತ್ತುಹಾಕಿ, ‘ವೈಯಕ್ತಿಕ ಮಾಹಿತಿ’ ಎಂದಷ್ಟೇ ಉಳಿಸಿತು. ನಮ್ಮ ಹಕ್ಕುಗಳು ಜಾರಿಗೆ ಬರಲು 2027ರವರೆಗೆ ಕಾಯಬೇಕು, ಈ ತಿದ್ದುಪಡಿ ಮಾತ್ರ 2025ರ ನವೆಂಬರಿನಲ್ಲೇ ಜಾರಿಯಾಯಿತು.

ಹಳ್ಳಿಯಲ್ಲಿ ಇದರ ಅರ್ಥ ಏನು? ಉದ್ಯೋಗ ಖಾತರಿ ಕೆಲಸದ ಹಾಜರಿ ಪಟ್ಟಿಯಲ್ಲಿ ಸತ್ತವರ ಹೆಸರಿದೆಯೇ, ಮನೆ ಮಂಜೂರಾದ ಫಲಾನುಭವಿ ನಿಜವಾಗಿ ಬಡವರೇ, ಗುತ್ತಿಗೆದಾರ ಯಾರ ಬಂಧು ಎಂದು ಜನ ಪತ್ತೆ ಮಾಡಿದ್ದು ಹೆಸರುಗಳಿರುವ ಪಟ್ಟಿಗಳನ್ನು ಕೈಯಲ್ಲಿ ಹಿಡಿದೇ. ಗ್ರಾಮಸಭೆಯಲ್ಲಿ ಆ ಪಟ್ಟಿ ಓದದೆ ಸಾಮಾಜಿಕ ಪರಿಶೋಧನೆ ನಡೆಯುವುದಿಲ್ಲ. ಈಗ ಅಧಿಕಾರಿ ‘ಇದು ವೈಯಕ್ತಿಕ ಮಾಹಿತಿ’ ಎಂದು ಒಂದು ಸಾಲು ಬರೆದು ಅರ್ಜಿ ವಾಪಸ್ ಕಳುಹಿಸಬಹುದು. ಸಾರ್ವಜನಿಕ ಹಿತಾಸಕ್ತಿ ಹೆಚ್ಚಿನದಾದರೆ ಮಾಹಿತಿ ಕೊಡಬಹುದು ಎಂಬ 8(2) ಕಲಂ ಇನ್ನೂ ಉಳಿದಿದೆ. ಅರ್ಜಿ ಹಾಕುವವರು ಈಗಿನಿಂದಲೇ ಅದನ್ನು ಅರ್ಜಿಯಲ್ಲಿ ಉಲ್ಲೇಖಿಸಿ ವಾದಿಸಬೇಕು. ಪ್ರಜೆಯ ಬದುಕು ಸರ್ಕಾರಕ್ಕೆ ಪೂರ್ತಿ ಕಾಣಬೇಕು, ಸರ್ಕಾರದ ಕಡತ ಪ್ರಜೆಗೆ ಕಾಣಬಾರದು ಎಂಬ ಏರ್ಪಾಡನ್ನು ಖಾಸಗಿತನದ ಹೆಸರಿನಲ್ಲಿ ಮಾಡಿರುವುದನ್ನು ನಾನು ಒಪ್ಪಲಾರೆ.

ಜಾತಿ ಸಮೀಕ್ಷೆ, ಜನಗಣತಿಗೆ ಬಂದಾಗ ಎಲ್ಲವನ್ನೂ ಹೇಳಬೇಕೇ?

ಎರಡೂ ಒಂದೇ ಅಲ್ಲ. ಜನಗಣತಿ ನಡೆಯುವುದು 1948ರ ಕಾಯ್ದೆಯ ಅಡಿಯಲ್ಲಿ. ಉತ್ತರ ಕೊಡುವುದು ಕಾನೂನಿನ ಪ್ರಕಾರ ನಮ್ಮ ಕರ್ತವ್ಯ. ಆದರೆ ನಾವು ಹೇಳಿದ್ದನ್ನು ಯಾರೂ ನೋಡಲು ಕೇಳುವಂತಿಲ್ಲ, ಕೋರ್ಟಿನಲ್ಲಿ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು ಅದೇ ಕಾಯ್ದೆ ರಕ್ಷಣೆಯನ್ನೂ ಕೊಡುತ್ತದೆ. ಕಡ್ಡಾಯ ಮಾಡುವವರು ಹೇಗೆ ಮಾತು ಕೊಡಬೇಕು ಎಂಬುದಕ್ಕೆ ಇದು ಒಳ್ಳೆಯ ಮಾದರಿ.

ಹಿಂದುಳಿದ ವರ್ಗಗಳ ಆಯೋಗ 2025ರ ಸೆಪ್ಟೆಂಬರ್ 22ರಿಂದ ನಡೆಸಿದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ವಿಷಯ ಬೇರೆ. ಅದನ್ನು ಪ್ರಶ್ನಿಸಿದ ಅರ್ಜಿಗಳಲ್ಲಿ ಕರ್ನಾಟಕ ಹೈಕೋರ್ಟ್ ತಡೆ ಕೊಡಲಿಲ್ಲ, ಆದರೆ ಭಾಗವಹಿಸುವುದು ಸ್ವಇಚ್ಛೆಗೆ ಬಿಟ್ಟದ್ದು ಎಂದು ಜನರಿಗೆ ತಿಳಿಸಬೇಕು, ಪಡೆದ ಮಾಹಿತಿಯನ್ನು ಗೌಪ್ಯವಾಗಿಡಬೇಕು ಎಂದು ಆದೇಶಿಸಿತು. ಹಿಂದುಳಿದವರ ಲೆಕ್ಕ ಬೇಕು, ಲೆಕ್ಕವಿಲ್ಲದೆ ನ್ಯಾಯ ಹಂಚಲಾಗದು ಎಂದೇ ನಾನೂ ನಂಬಿದ್ದೇನೆ. ಅದಕ್ಕಾಗಿಯೇ, ನಂಬಿ ಬಾಗಿಲು ತೆರೆದ ಮನೆಗಳ ಉತ್ತರಗಳನ್ನು ಬೇರೆ ಯಾವ ಕೆಲಸಕ್ಕೂ ಬಳಸುವುದಿಲ್ಲ ಎಂಬ ಖಾತರಿ ಕಾನೂನಿನಲ್ಲೇ ಬರಬೇಕು.

ಮಾಹಿತಿ ಇಟ್ಟುಕೊಳ್ಳದೆ ಸರ್ಕಾರ ಯೋಜನೆ ನಡೆಸಲು ಸಾಧ್ಯವೇ?

ಸಾಧ್ಯ. ನಮ್ಮ ಬಸ್ಸುಗಳಲ್ಲೇ ನಡೆಯುತ್ತಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆ ಗುರುತಿನ ಚೀಟಿ ತೋರಿಸುತ್ತಾಳೆ, ನಿರ್ವಾಹಕ ನೋಡಿ ಶೂನ್ಯ ಟಿಕೆಟ್ ಕೊಡುತ್ತಾರೆ, ಚೀಟಿ ಮತ್ತೆ ಪರ್ಸಿಗೆ ಹೋಗುತ್ತದೆ. ಇಂಥ ಮಹಿಳೆ ಇಂಥ ದಿನ ಇಂಥ ಊರಿಗೆ ಹೋದಳು ಎಂದು ಎಲ್ಲೂ ಬರೆದುಕೊಳ್ಳಬೇಕಾಗಿಲ್ಲ. ಸ್ಮಾರ್ಟ್ ಕಾರ್ಡ್ ಕೊಡುತ್ತೇವೆ ಎಂದು ಆರಂಭದಲ್ಲೇ ಹೇಳಲಾಗಿತ್ತು. ಯಾವ ರೂಪದಲ್ಲಿ ಬಂದರೂ ಅದು ಪ್ರಯಾಣವನ್ನು ಹೆಸರಿನ ಜೊತೆ ದಾಖಲಿಸದಂತೆ ಇರಬೇಕು. ತವರಿಗೆ ಹೋದದ್ದು, ವಕೀಲರನ್ನು ಕಾಣಲು ಹೋದದ್ದು, ಆಸ್ಪತ್ರೆಗೆ ಹೋದದ್ದು ಆಕೆಯ ಸ್ವಂತ ವಿಷಯ.

ಸಂಚಾರ್ ಸಾಥಿ ಆ್ಯಪ್ ಹಾಕಿಕೊಳ್ಳಬಹುದೇ? ಅದು ಕದ್ದು ನೋಡುತ್ತದೆಯೇ?

ಇದು ಕೇಂದ್ರದ ದೂರಸಂಪರ್ಕ ಇಲಾಖೆಯದು. ಅದರ ಜಾಲತಾಣ ಉಪಯುಕ್ತವಾದದ್ದು. ಕಳೆದುಹೋದ ಫೋನನ್ನು ಯಾರೂ ಬಳಸದಂತೆ ತಡೆಯಬಹುದು, ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ನೋಡಬಹುದು. ಇಂದೇ ನೋಡಿ, ನಿಮ್ಮದಲ್ಲದ ಸಂಖ್ಯೆ ಇದ್ದರೆ ಅಲ್ಲೇ ತಿಳಿಸಬಹುದು.

ತಕರಾರು ಬಂದದ್ದು ಬೇರೆ ಕಾರಣಕ್ಕೆ. 2025ರ ನವೆಂಬರ್ ಕೊನೆಯಲ್ಲಿ ದೂರಸಂಪರ್ಕ ಇಲಾಖೆ, ಎಲ್ಲ ಹೊಸ ಫೋನುಗಳಲ್ಲೂ ಈ ಆ್ಯಪ್ ಮೊದಲೇ ಇರಬೇಕು ಎಂದು ತಯಾರಕರಿಗೆ ಆದೇಶಿಸಿತು. ದೇಶದೆಲ್ಲೆಡೆ ವಿರೋಧ ಬಂತು. ಡಿಸೆಂಬರ್ 3ರಂದು ಆದೇಶ ವಾಪಸ್ ಆಯಿತು. ಬೇಕಾದವರು ಹಾಕಿಕೊಳ್ಳಲಿ ಎಂಬುದಕ್ಕೂ ಎಲ್ಲರ ಜೇಬಿಗೂ ಸರ್ಕಾರವೇ ಹಾಕುತ್ತದೆ ಎಂಬುದಕ್ಕೂ ಇರುವ ದೂರ ದೊಡ್ಡದು. ಜನ ಮಾತನಾಡಿದರೆ ಕೆಲವೇ ದಿನಗಳಲ್ಲಿ ಆದೇಶ ಬದಲಾಗುತ್ತದೆ ಎಂಬುದನ್ನೂ ಅದು ತೋರಿಸಿತು.

ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಆ್ಯಪ್ ಇದೆ. ಭದ್ರತೆಗೆ ಒಳ್ಳೆಯದಲ್ಲವೇ?

ಬೆಂಗಳೂರಿನಲ್ಲಿ ಖಾಸಗಿತನದ ಬಗ್ಗೆ ಮಾತನಾಡುವ ಅನೇಕ ಮನೆಗಳು ಈ ವಿಷಯದಲ್ಲಿ ಮೌನವಾಗಿಬಿಡುತ್ತವೆ. ಮನೆಕೆಲಸದವರ ಫೋಟೊ, ಫೋನ್ ನಂಬರ್, ಬಂದ ಸಮಯ, ಹೋದ ಸಮಯ, ಯಾವ ಯಾವ ಮನೆಯಲ್ಲಿ ಕೆಲಸ ಮಾಡುತ್ತಾರೆ ಎಂಬುದೆಲ್ಲ ನೂರಾರು ನಿವಾಸಿಗಳ ಮೊಬೈಲಿನಲ್ಲಿ ತೆರೆದಿರುತ್ತದೆ. ಅವರಿಗೆ ನಕ್ಷತ್ರ ಕೊಟ್ಟು ಅಂಕ ಹಾಕುವವರೂ ಇದ್ದಾರೆ. ಹೊರಡುವಾಗ ಗೇಟಿನಲ್ಲಿ ಚೀಲ ತೆರೆದು ತೋರಿಸಬೇಕು. ಆ ಆ್ಯಪ್‌ನಲ್ಲಿ ಏನಿದೆ ಎಂದು ನೋಡಲು ಅವರಿಗೆ ಅವಕಾಶ ಇಲ್ಲ, ಬೇಡ ಎಂದರೆ ಕೆಲಸವೂ ಇಲ್ಲ.

ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಇದನ್ನು ಎತ್ತಿ. ಕೆಲಸದವರ ದಾಖಲೆ ಅವರನ್ನು ಇಟ್ಟುಕೊಂಡ ಮನೆಗೆ ಮಾತ್ರ ಕಾಣಲಿ. ಕೆಲಸ ಬಿಟ್ಟವರ ಮಾಹಿತಿ ಅಳಿಸಲಿ. ಅಂಕ ಹಾಕುವ ಸೌಲಭ್ಯ ಮುಚ್ಚಲಿ. ನಮ್ಮ ನಂಬರ್ ಯಾರಿಗೂ ಹೋಗಬಾರದು ಎನ್ನುವವರು ಮನೆಗೆ ಬರುವ ಅಕ್ಕನ ನಂಬರಿನ ಬಗ್ಗೆಯೂ ಅಷ್ಟೇ ಕಾಳಜಿ ತೋರಬೇಕು.

ವಿಮಾನ ನಿಲ್ದಾಣದಲ್ಲಿ ಮುಖ ತೋರಿಸಿ ಒಳಗೆ ಹೋಗಬೇಕಂತೆ?

ಮುಖ ಗುರುತಿಸಿ ಒಳಗೆ ಬಿಡುವ ಈ ವ್ಯವಸ್ಥೆಯ ಹೆಸರು ಡಿಜಿ ಯಾತ್ರಾ. ಅದು 2022ರ ಡಿಸೆಂಬರ್ 1ರಂದು ಶುರುವಾದ ಮೊದಲ ಮೂರು ನಿಲ್ದಾಣಗಳಲ್ಲಿ ಬೆಂಗಳೂರೂ ಒಂದು. ಅದು ಕಡ್ಡಾಯವಲ್ಲ. ಗುರುತಿನ ಚೀಟಿ ತೋರಿಸುವ ಸಾಲು ಪಕ್ಕದಲ್ಲೇ ಇರುತ್ತದೆ, ಅಲ್ಲಿ ನಿಲ್ಲಿ.

ಸಾಮಾಜಿಕ ಜಾಲತಾಣಗಳಿಗೆ ಸರ್ಕಾರ ಕಡಿವಾಣ ಹಾಕುವುದು ಸರಿಯೋ ತಪ್ಪೋ?

ಕಡಿವಾಣ ಬೇಕು. ಮಕ್ಕಳ ಚಿತ್ರ ದುರ್ಬಳಕೆ, ನಕಲಿ ವಿಡಿಯೊ, ಗಲಭೆ ಎಬ್ಬಿಸುವ ಸುಳ್ಳುಗಳನ್ನು ಕಂಪನಿಗಳು ತಾವಾಗಿಯೇ ನಿಲ್ಲಿಸುತ್ತವೆ ಎಂಬ ನಂಬಿಕೆ ನನಗಿಲ್ಲ. ಆದರೆ ಯಾರು, ಯಾವ ವಿಧಾನದಲ್ಲಿ ಎಂಬುದು ಮುಖ್ಯ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಂ ಅಡಿ ಬರಹವೊಂದನ್ನು ತಡೆಹಿಡಿಯಬೇಕಾದರೆ ಕಾರಣಗಳು ಸೀಮಿತ, ಅದನ್ನು ಲಿಖಿತವಾಗಿ ದಾಖಲಿಸಬೇಕು, ಸಮಿತಿ ಪರಿಶೀಲಿಸಬೇಕು. ಸಹಯೋಗ್ ಎಂಬ ಪೋರ್ಟಲ್ ಮೂಲಕ 79(3)(ಬಿ) ಕಲಂ ಬಳಸಿ ಬೇರೆ ಬೇರೆ ಇಲಾಖೆಗಳ ಅಧಿಕಾರಿಗಳೂ ಪೊಲೀಸರೂ ನೇರವಾಗಿ ತೆಗೆದುಹಾಕಲು ಹೇಳುವ ದಾರಿ ಆಮೇಲೆ ಬಂತು. ಎಕ್ಸ್ (ಹಿಂದಿನ ಟ್ವಿಟರ್) ಕಂಪನಿ ಇದನ್ನು ಕರ್ನಾಟಕ ಹೈಕೋರ್ಟಿನಲ್ಲಿ ಪ್ರಶ್ನಿಸಿತು. 2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಅರ್ಜಿಯನ್ನು ವಜಾ ಮಾಡಿದರು. ಕಂಪನಿಯ ಲಾಭನಷ್ಟ ನನಗೆ ಮುಖ್ಯವಲ್ಲ. ತನ್ನ ಬರಹವನ್ನು ಯಾಕೆ ತೆಗೆದರು, ಯಾರು ಹೇಳಿದರು ಎಂಬುದು ಬರೆದವರಿಗೇ ತಿಳಿಯದೆ ಹೋಗುವುದು ನನ್ನ ಚಿಂತೆ. ಪಂಚಾಯಿತಿಯ ರಸ್ತೆ ಕಾಮಗಾರಿಯ ವಿಡಿಯೊ ಹಾಕಿದ ಹುಡುಗ ಹೈಕೋರ್ಟಿಗೆ ಹೋಗಲಾರ.

‘ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ’ ಎಂದು ವಿಡಿಯೊ ಕರೆ ಬಂದರೆ?

ಅಂಥ ಬಂಧನ ಯಾವ ಕಾನೂನಿನಲ್ಲೂ ಇಲ್ಲ. ಪೊಲೀಸ್, ಸಿಬಿಐ, ಕಸ್ಟಮ್ಸ್, ಯಾರೂ ವಿಡಿಯೊ ಕರೆಯಲ್ಲಿ ಬಂಧಿಸುವುದಿಲ್ಲ. ಕರೆ ಕತ್ತರಿಸಿ, ಮನೆಯವರಿಗೆ ಹೇಳಿ, 1930ಕ್ಕೆ ತಿಳಿಸಿ.

ದೂರು ಕೊಟ್ಟರೆ ಏನಾದರೂ ಆಗುತ್ತದೆಯೇ? ಎಲ್ಲಿ ಕೊಡಬೇಕು?

ಹಣದ ವಂಚನೆಗೆ 1930. ಆಧಾರ್ ವಿಷಯಕ್ಕೆ 1947. ಬೇಡದ ಜಾಹೀರಾತು ಕರೆ, ಸಂದೇಶಗಳನ್ನು ತಡೆಯಲು 1909. ಕಂಪನಿ ನಿಮ್ಮ ಮಾಹಿತಿಯನ್ನು ದುರ್ಬಳಕೆ ಮಾಡಿದೆ ಎಂದು ಅನ್ನಿಸಿದರೆ ಮೊದಲು ಆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಹೊಸ ನಿಯಮಗಳು ಪೂರ್ತಿ ಜಾರಿಯಾದ ಮೇಲೆ ಅವರು 90 ದಿನಗಳೊಳಗೆ ಉತ್ತರಿಸಬೇಕು, ಉತ್ತರ ಸರಿಹೋಗದಿದ್ದರೆ ದತ್ತಾಂಶ ಸಂರಕ್ಷಣಾ ಮಂಡಳಿಗೆ ಆನ್‌ಲೈನ್‌ನಲ್ಲಿ ದೂರು ಕೊಡಬಹುದು. ಮಂಡಳಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ ದೂರಸಂಪರ್ಕ ನ್ಯಾಯಮಂಡಳಿಗೆ ಮೇಲ್ಮನವಿ ಹೋಗಬೇಕು.

ಎಲ್ಲ ದೂರಿಗೂ ಫಲ ಸಿಗುತ್ತದೆ ಎಂದು ಹೇಳಲಾರೆ. ಬರವಣಿಗೆಯಲ್ಲಿ ಕೊಟ್ಟ, ದಾಖಲೆ ಸಂಖ್ಯೆ ಪಡೆದ ದೂರಿಗೆ ಬಾಯಿಮಾತಿನ ದೂರಿಗಿಂತ ಹೆಚ್ಚು ಬೆಲೆ ಇದೆ ಎಂಬುದು ಮಾತ್ರ ಖಂಡಿತ. ತಾರೀಕು, ಸಮಯ, ಮಾತನಾಡಿದವರ ಹುದ್ದೆ, ತೆರೆಯ ಚಿತ್ರ ಇಟ್ಟುಕೊಳ್ಳಿ. ಕನ್ನಡದಲ್ಲೇ ಬರೆಯಿರಿ. ರಾಜ್ಯ ಸರ್ಕಾರದ ಕಚೇರಿಯಾದರೆ ಕನ್ನಡದಲ್ಲೇ ಉತ್ತರ ಕೊಡಿ ಎಂದೂ ಕೊನೆಯ ಸಾಲಿನಲ್ಲಿ ಸೇರಿಸಿ.